ಕೆನ್ನೆಯಿಂದ ಗೋಡೆ ನೋಡುತ್ತಿದ್ದವರು

ನಮ್ಮ ಪಕ್ಕದ ಮನೆಯ ಮೇಸ್ತ್ರಿಗೆ ‘ಬೆಣ್ಣೆ’ ಎಂಬ ಹೆಸರು ಅಂಟಿಕೊಂಡದ್ದು ಅವರ ಮಾತಿನಿಂದಲ್ಲ. ಮಾತು ಒರಟು. ಯಾರಾದರೂ ಕರೆದರೆ ಮೊದಲು ಗುರ್ರೆಂದು ಆಮೇಲೆ ಓಗೊಡುವ ಸ್ವಭಾವ. ಹೆಸರು ಬಂದದ್ದು ಅವರು ಮುಗಿಸಿಕೊಟ್ಟ ಗೋಡೆಗಳಿಂದ. ಅವುಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಅಂಗೈ ಎಳೆದುಕೊಂಡು ಹೋದರೆ ಎಲ್ಲಿಯೂ ಏನೂ ತಡೆಯುತ್ತಿರಲಿಲ್ಲ.

ಈಗಿನ ದೊಡ್ಡ ಕಟ್ಟಡಗಳಲ್ಲಿ ಒಳಗಿನ ಗೋಡೆಗಳನ್ನು ಇಟ್ಟಿಗೆಯಲ್ಲಿ ಕಟ್ಟುವುದು ಕಡಿಮೆ. ತಗಡಿನ ಚೌಕಟ್ಟು ನಿಲ್ಲಿಸಿ, ಅದಕ್ಕೆ ಜಿಪ್ಸಮ್ ಬೋರ್ಡುಗಳನ್ನು ಸ್ಕ್ರೂ ಹೊಡೆದು ಕೂರಿಸುತ್ತಾರೆ. ಬೋರ್ಡಿಗೂ ಬೋರ್ಡಿಗೂ ನಡುವೆ ಸಂದು ಉಳಿಯುತ್ತದೆ. ಆ ಸಂದಿಗೆ ಪುಟ್ಟಿ ಎಂಬ ಬಿಳಿಯ ಮೆತ್ತನೆಯ ಲೇಪ ತುಂಬಿ, ಕಾಗದದ ಟೇಪು ಅಂಟಿಸಿ, ಅದರ ಮೇಲೆ ಮತ್ತೆ ಪುಟ್ಟಿ ಎಳೆದು, ಒಣಗಿದ ಮೇಲೆ ಉಜ್ಜಿ, ಅಲ್ಲೊಂದು ಸಂದು ಇತ್ತೆಂಬುದೇ ತಿಳಿಯದ ಹಾಗೆ ಮಾಡುವುದು ಮೇಸ್ತ್ರಿಯ ಕಸುಬು. “ನಂದೊಂಥರ ಕಳ್ಳನ ಕೆಲಸ ಕಣಮ್ಮ. ಚೆನ್ನಾಗಿ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ. ಗೊತ್ತಾಯ್ತು ಅಂದ್ರೆ ಸಿಕ್ಕಿಬಿದ್ದೆ ಅಂತ ಅರ್ಥ” ಎಂದು ನನಗೆ ಹೇಳುತ್ತಿದ್ದರು.

ಅವರಿಗೆ ಈ ಕೆಲಸ ಕಲಿಸಿದವರು ಸೋದರಮಾವ. ಹರೆಯದಲ್ಲಿ ಬೇರಾವ ಕೆಲಸವೂ ಕೈಗೆ ಹತ್ತದೆ ಸುಮ್ಮನೆ ತಿರುಗುತ್ತಿದ್ದಾಗ ಮಾವ ಕರೆದುಕೊಂಡು ಹೋದರಂತೆ. ಬಹಳ ಕಾಲ ಬ್ಲೇಡು ಮುಟ್ಟಲು ಬಿಡಲಿಲ್ಲ. ಬ್ಲೇಡೆಂದರೆ ಹಿಡಿಯಿರುವ ಅಗಲವಾದ ತಗಡಿನ ಪಟ್ಟಿ. ಪುಟ್ಟಿ ಎಳೆಯುವುದು ಅದರಿಂದಲೇ. ಮಾವ ಮೊದಲು ಕಲಿಸಿದ್ದು ಕಣ್ಣು ಮುಚ್ಚಿ ಗೋಡೆ ಸವರುವುದನ್ನು. “ಕಣ್ಣಿಗೆ ಬೆಳಕು ಬೇಕು ಕಣೋ, ಅದು ಪರಾವಲಂಬಿ. ಕೈಗೆ ಏನೂ ಬೇಡ” ಎನ್ನುತ್ತಿದ್ದರಂತೆ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ, ಎಲ್ಲಿ ಟೇಪಿನಡಿ ಗಾಳಿ ಕೂತಿದೆ, ಎಲ್ಲವನ್ನೂ ಬೆರಳು ಹೇಳಬೇಕು. ಒಣಗಿದೆಯೋ ಇಲ್ಲವೋ ಎಂಬುದನ್ನೂ ಕೈಯೇ ಹೇಳಬೇಕು. ಹಸಿ ಪುಟ್ಟಿ ಅಂಗೈಗೆ ತಣ್ಣಗೆ ಹತ್ತುತ್ತದೆ. ಮೇಲೆ ಬೆಳ್ಳಗೆ ಕಂಡರೂ ಒಳಗೆ ಹಸಿಯಿದ್ದರೆ ಆ ತಣುಪು ಬಿಡುವುದಿಲ್ಲ.

ಹೀಗೆ ಪುಟ್ಟಿಯನ್ನು ಮೂರು ಕೈ, ಅಂದರೆ ಮೂರು ಪದರ, ಹೊಡೆಯಬೇಕು. ಒಂದೊಂದು ಕೈಯೂ ಹಿಂದಿನದಕ್ಕಿಂತ ಅಗಲ, ಹಿಂದಿನದಕ್ಕಿಂತ ತೆಳು. ಒಂದು ಪೂರ್ತಿ ಒಣಗದೆ ಇನ್ನೊಂದನ್ನು ಎಳೆಯಬಾರದು. ಕೊನೆಯ ಕೈಯ ಅಂಚು ಗೋಡೆಯಲ್ಲಿ ಕರಗಿಹೋಗಬೇಕು. ಬ್ಲೇಡಿನ ಯಾವ ಮೂಲೆಗೆ ಎಷ್ಟು ಭಾರ ಬಿಟ್ಟರೆ ಅಂಚು ಹಾಗೆ ಕರಗುತ್ತದೆ ಎನ್ನುವುದನ್ನು ಬಾಯಲ್ಲಿ ಹೇಳಿ ಕಲಿಸಲು ಆಗುವುದಿಲ್ಲವಂತೆ. ಅದು ಹಿಡಿಯಿಂದ ಬೆರಳಿಗೆ ಬರಬೇಕು.

ಮೇಸ್ತ್ರಿಯ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುವುದು ಎಡಚಿ ಎಂದು. ಅನ್ನ ಕಲಸುವುದೊಂದು ಬಿಟ್ಟರೆ ಉಳಿದದ್ದಕ್ಕೆಲ್ಲ ಎಡಗೈಯೇ ಮುಂದೆ. ಮದುವೆಯಾದ ಹೊಸದರಲ್ಲೇ ಗಂಡನ ಜೊತೆ ಕೆಲಸಕ್ಕೆ ಹೊರಟವರು. ಅವರದು ಉಜ್ಜುವ ಕೆಲಸ. ಒಣಗಿದ ಪುಟ್ಟಿಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಹಿಟ್ಟಿನಂಥ ಧೂಳು ಏಳುತ್ತದೆ. ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಬಿಳಿ. “ಮದುವೆಯಾದ ವರ್ಷವೇ ನನ್ನ ತಲೆ ನರೆತುಹೋಯ್ತು. ಈಗ ನಿಜವಾಗಿ ನರೆತಿದೆ, ಯಾರೂ ನಂಬಲ್ಲ, ಕೊಡವಿಕೋ ಅಂತಾರೆ” ಎಂದು ನಗುತ್ತಿದ್ದರು.

ಒಬ್ಬಳೇ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ. ನಮ್ಮಿಬ್ಬರ ಮನೆ ಮೊದಲು ಒಂದೇ ಆಗಿತ್ತಂತೆ. ಮಾಲೀಕ ನಡುವೆ ಬೋರ್ಡು ನಿಲ್ಲಿಸಿ ಎರಡು ಮಾಡಿದ. ಹಾಗಾಗಿ ಆಚೆ ಚಮಚ ಬಿದ್ದರೂ ಈಚೆ ಕೇಳುತ್ತದೆ. ಅಕ್ಕ ಸಂಜೆ ತರಕಾರಿ ಹೆಚ್ಚಲು ನಮ್ಮ ಬಾಗಿಲಿಗೇ ಬಂದು ಕೂರುತ್ತಾರೆ. ಅವರು ಹೇಳುತ್ತಾ ಹೋಗುತ್ತಾರೆ, ನಾನು ಕೇಳುತ್ತಾ ಹೋಗುತ್ತೇನೆ. ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಹಾಗೆ ಕೇಳಿದ್ದು. ಕೆಲವನ್ನು ಮೇಸ್ತ್ರಿಯೇ ಹೇಳಿದರು, ಎಲ್ಲ ಮುಗಿದ ಮೇಲೆ.

ಮೊದಲು ಹೋದದ್ದು ಕಾಲು. ಒಂದು ಕಟ್ಟಡದಲ್ಲಿ ನೆಲಕ್ಕೆ ಬಿದ್ದಿದ್ದ ಸ್ಕ್ರೂ ಮೇಸ್ತ್ರಿಯ ಚಪ್ಪಲಿ ತೂರಿ ಅಂಗಾಲಿಗೆ ಇಳಿದಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ಊಟದ ಹೊತ್ತಿನ ತನಕ ಏಣಿ ಹತ್ತಿ ಇಳಿದು ಕೆಲಸ ಮಾಡಿದರು. ಬಿಳಿ ಧೂಳು ಕೂತ ನೆಲದ ಮೇಲೆ ಒಂದು ಕಾಲಿನ ಗುರುತು ಮಾತ್ರ ಕೆಂಪಾಗಿ ಮೂಡುತ್ತಿರುವುದನ್ನು ಅಕ್ಕ ಕಂಡರು. “ಏನ್ರೀ, ಕಾಲಿಗೆ ಏನಾಯ್ತು?” ಎಂದರೆ, “ಯಾವ ಕಾಲಿಗೆ?” ಎಂದರಂತೆ.

ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಅದು ನರಗಳಿಗೆ ಇಳಿದಿದೆ, ಹೋದ ಸ್ಪರ್ಶ ಮರಳಿ ಬರುವುದು ಕಷ್ಟ, ಇರುವುದನ್ನಾದರೂ ಉಳಿಸಿಕೊಳ್ಳಿ ಎಂದರು. ಮಗಳು ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಕೈಯಲ್ಲಿಟ್ಟು, ನುಂಗುವ ತನಕ ಎದುರಿಗೇ ನಿಲ್ಲುತ್ತಿದ್ದಳು. ಆದರೂ ಅದು ಕಾಲಿಗೇ ನಿಲ್ಲಲಿಲ್ಲ. ಕೈಬೆರಳ ತುದಿಗಳಲ್ಲಿ ಮೊದಲು ಇರುವೆ ಹರಿದಂತಾಯಿತು. ಆಮೇಲೆ ಹತ್ತಿ ಕಟ್ಟಿದಂತಾಯಿತು. ಆಮೇಲೆ ಅಂಗಿಯ ಗುಂಡಿಯನ್ನು ನೋಡಿಕೊಂಡೇ ಹಾಕಬೇಕಾಯಿತು, ಕೊನೆಗೆ ಅದನ್ನೂ ಅಕ್ಕನೇ ಹಾಕಬೇಕಾಯಿತು.

ಈ ಸಂಗತಿಯನ್ನು ಮೇಸ್ತ್ರಿ ಕೆಲಸದ ಜಾಗದಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಉಳಿಯುವುದೇನು? ಕಣ್ಣಿಲ್ಲದ ಡ್ರೈವರು, ಬೆರಳಿಲ್ಲದ ಬೆಣ್ಣೆ, ಎರಡೂ ಒಂದೇ. ಅವರಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರಿಗೆ ಬೇರೆ ಹೆಸರು ಇರಲಿಲ್ಲ.

ಆಗಿನಿಂದ ಅವರು ದಿನವೂ ಗಡ್ಡ ಬೋಳಿಸತೊಡಗಿದರು. ಮೊದಲು ವಾರಕ್ಕೊಮ್ಮೆ ಮನಸ್ಸಾದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂತಿದ್ದವರು. ಈ ವಯಸ್ಸಿನಲ್ಲಿ ಇದೇನು ಶೋಕಿ ಎಂದು ನಾವೆಲ್ಲ ನಕ್ಕೆವು. ಕಾರಣ ಕೆಲಸದ ಜಾಗದಲ್ಲಿ ತಿಳಿಯುತ್ತಿತ್ತು. ಮೇಸ್ತ್ರಿ ಈಗ ಗೋಡೆಯನ್ನು ಅಂಗೈಯಿಂದ ಸವರುವುದನ್ನು ಬಿಟ್ಟು, ಕೆನ್ನೆ ಆನಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಪಕ್ಕಕ್ಕೆ ಸರಿಯುತ್ತಿದ್ದರು. ಗಡ್ಡವಿದ್ದರೆ ಕೆನ್ನೆಗೆ ಏನೂ ತಿಳಿಯುವುದಿಲ್ಲವಲ್ಲ.

ಬೋರ್ಡು ಕೂರಿಸುವವನೊಬ್ಬನಿದ್ದ. ಎಲ್ಲರೂ ಸ್ಕ್ರೂ ಎಂದೇ ಕರೆಯುತ್ತಿದ್ದರು. ಅವನ ಬಾಯಿಗೆ ಬೀಗವಿರಲಿಲ್ಲ.

“ಅಕ್ಕಾ, ನೋಡಿಲ್ಲಿ, ಅಣ್ಣ ಮತ್ತೆ ಗೋಡೆಗೆ ಮುತ್ತು ಕೊಡ್ತಾ ಇದಾರೆ. ನಿಮಗೆ ಹೊಟ್ಟೆ ಉರಿಯಲ್ವಾ?”

“ಉರಿಯೋದ್ಯಾಕೆ? ಗೋಡೆಗೆ ಕೊಟ್ಟು ಮಿಕ್ಕಿದ್ದು ನನಗೆ ಬರತ್ತಲ್ಲ.”

“ಮಿಗಲ್ಲ ಅಕ್ಕ, ಇವತ್ತು ದೊಡ್ಡ ಗೋಡೆ.”

“ನೀನು ನಿನ್ನ ಸ್ಕ್ರೂ ನೆಟ್ಟಗೆ ಹೊಡಿ. ನಿನ್ನ ತಲೇದು ಒಂದು ಸಡಿಲ ಇದೆ, ಅದನ್ನೂ ಬಿಗಿ ಮಾಡ್ಕೋ” ಎಂದು ಮೇಸ್ತ್ರಿ ಗೋಡೆಯಿಂದ ಕೆನ್ನೆ ತೆಗೆಯದೆಯೇ ಬೈಯುತ್ತಿದ್ದರು.

ಕೆನ್ನೆಗೆ ಒರಟು ತಿಳಿಯುತ್ತದೆ. ಸಣ್ಣ ಗೀರು, ಉಳಿದ ಹರಳು ತಿಳಿಯುತ್ತದೆ. ಆದರೆ ಅದು ಆಗಿಹೋದದ್ದನ್ನು ಮಾತ್ರ ಹೇಳಬಲ್ಲದು. ಬ್ಲೇಡು ಎಳೆಯುವಾಗ ಇಲ್ಲಿ ಒತ್ತು, ಇಲ್ಲಿ ಬಿಡು ಎಂದು ಹೇಳಬೇಕಾದ ಬೆರಳುಗಳು ಸುಮ್ಮನಾಗಿದ್ದವು. ಇದು ಮೇಸ್ತ್ರಿಗೂ ಗೊತ್ತಿತ್ತು. ಆದರೂ ಅವರ ಗೋಡೆಗಳು ಕೆಡಲಿಲ್ಲ. ಒಂದು ಬ್ಯಾಂಕು ಮುಗಿಯಿತು, ಒಂದು ಮಕ್ಕಳ ಆಸ್ಪತ್ರೆ ಮುಗಿಯಿತು. ಸೂಪರ್‌ವೈಸರು ಎಲ್ಲರೆದುರು, “ವಯಸ್ಸಾದಷ್ಟೂ ನಿಮ್ಮ ಕೈ ಪಳಗ್ತಾ ಇದೆ ಮೇಸ್ತ್ರಿ” ಎಂದರು.

ಅಂದು ಸಂಜೆ ಮೇಸ್ತ್ರಿ ನಮ್ಮ ಬಾಗಿಲಲ್ಲಿ ನಿಂತರು. ಹಾಗೆ ನಿಂತು ಮಾತಾಡುವವರೇ ಅಲ್ಲ.

“ಬೆರಳು ಸತ್ತಿವೆ ಕಣಮ್ಮ. ಆದ್ರೂ ಕೆಲಸ ಕೈ ಬಿಟ್ಟಿಲ್ಲ. ಹೇಗೆ ಅಂತ ನನಗೇ ಗೊತ್ತಾಗ್ತಿಲ್ಲ. ನೀನು ದಿನಾ ಕೈ ಮುಗೀತೀಯಲ್ಲ, ಅವನು ಇದಾನೆ ಅಂತ ಕಾಣತ್ತೆ.”

ಆ ಮಾತು ಕೇಳಿ ನನಗೆ ಕಣ್ಣು ತುಂಬಿತು. ಒಳಗೆ ಹೋಗಿ ದೇವರಿಗೆ ಮನಸಾರೆ ವಂದಿಸಿದೆ. ಯಾರಿಗೂ ಬಗ್ಗದ ಮನುಷ್ಯ ಒಂದು ಹೆಜ್ಜೆ ಅವನ ಕಡೆ ಇಟ್ಟರಲ್ಲ ಎಂದುಕೊಂಡೆ. ಮೇಸ್ತ್ರಿ ಅದನ್ನು ಹೇಳುವಾಗ ಅಕ್ಕ ಬಾಗಿಲಲ್ಲಿ ನನ್ನ ಪಕ್ಕದಲ್ಲೇ ಸೊಪ್ಪು ಸೋಸುತ್ತಾ ಕುಳಿತಿದ್ದರು. ತಲೆ ಎತ್ತಲಿಲ್ಲ.

ಮಳೆಗಾಲದ ಕೊನೆಯಲ್ಲಿ ಅಕ್ಕನಿಗೆ ಜ್ವರ ಬಂತು. ಏಳಲಾರದಂಥ ಜ್ವರ. ಆದರೂ ಎದ್ದು ಸೀರೆ ಬಿಗಿದು, “ನಾನು ಬರ್ತೀನಿ, ಉಜ್ಜೋದು ಬಾಕಿ ಇದೆ” ಎಂದು ಹಟ ಹಿಡಿದರು. ಮಗಳು ಗದರಿಸಿ ಮಲಗಿಸಿದಳು. ಮೇಸ್ತ್ರಿ, “ಉಜ್ಜೋಕೆ ನೀನೇ ಬೇಕಾ? ನೀನು ಹುಟ್ಟೋ ಮೊದಲಿಂದ ಉಜ್ಜಿದೀನಿ” ಎಂದು ಹೊರಟುಹೋದರು. ಹೊದಿಕೆಯೊಳಗೆ ಅಕ್ಕ ಅಳುತ್ತಿದ್ದರು. ಜ್ವರದ ಸಂಕಟವೆಂದು ನಾನು ಹಣೆಗೆ ಬಟ್ಟೆ ಹಾಕಿದೆ.

ಬಹಳ ಕಾಲದ ಮೇಲೆ ಮೇಸ್ತ್ರಿ ತಾವೇ ಉಜ್ಜಲು ನಿಂತದ್ದು ಅಂದು. ಉಜ್ಜುವ ಮೊದಲು ಲೈಟನ್ನು ಗೋಡೆಗೆ ಒತ್ತಿ ಹಿಡಿಯುತ್ತಾರೆ. ಬೆಳಕು ಗೋಡೆಯ ಮೇಲೆ ಅಡ್ಡಡ್ಡ ಹರಿದರೆ ಎದುರಿನಿಂದ ಕಾಣದ ಏರುತಗ್ಗೆಲ್ಲ ನೆರಳು ಬಿಟ್ಟು ಎದ್ದು ಕಾಣುತ್ತದೆ. ಬ್ಲೇಡನ್ನು ಎಳೆದು ಎತ್ತುವ ಜಾಗದಲ್ಲಿ ಪ್ರತಿಯೊಬ್ಬರ ಕೈಯೂ ಒಂದು ಸಣ್ಣ ಬಾಲ ಬಿಡುತ್ತದೆ. ಉಜ್ಜಿದರೆ ಹೋಗುವಂಥದ್ದು. ಮೇಸ್ತ್ರಿಯ ಬಾಲ ಬಲಕ್ಕೆ ಬಾಗುತ್ತದೆ. ಅಂದು ಆ ಗೋಡೆಯ ಸಂದು ಸಂದಿನ ಮೇಲೂ, ಅವರು ಹಿಂದಿನ ದಿನ ಹೊಡೆದ ಮೂರನೆಯ ಕೈಯ ಮೇಲೆ, ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಇನ್ನೊಂದು ಕೈ ಇತ್ತು. ಅದರ ಬಾಲಗಳೆಲ್ಲ ಎಡಕ್ಕೆ ಬಾಗಿದ್ದವು.

ಅಂದು ರಾತ್ರಿ ನಮ್ಮಿಬ್ಬರ ಮನೆಯ ನಡುವಿನ ಗೋಡೆಯಾಚೆಯಿಂದ ಕೇಳಿದ ಮಾತುಗಳನ್ನು ಕೇಳಬಾರದೆಂದು ನಾನು ನಲ್ಲಿ ತಿರುಗಿಸಿದೆ, ಪಾತ್ರೆ ತಿಕ್ಕಿದೆ. ಆದರೂ ಕೇಳಿದವು.

“ಯಾವಾಗಿಂದ?”

“ಏನು ಯಾವಾಗಿಂದ?”

“ನಾಟಕ ಆಡಬೇಡ. ಲೈಟು ಹಿಡಿದು ನೋಡಿ ಬಂದಿದೀನಿ.”

ಅಕ್ಕನ ದನಿ. “ನಿಮ್ಮ ಗುಂಡಿ ನಾನು ಹಾಕೋಕೆ ಶುರು ಮಾಡಿದಾಗಿಂದ.”

“ಬ್ಯಾಂಕಿಂದು?”

ಅಕ್ಕ ಕೆಮ್ಮಿದ್ದು ಕೇಳಿತು.

“ಮಕ್ಕಳ ಆಸ್ಪತ್ರೆದು?”

“ಅದರಲ್ಲಿ ಅರ್ಧ ನಿಮ್ದೇ ರೀ. ನಾನು ಮುಟ್ಟೇ ಇಲ್ಲ.”

“ಅರ್ಧ ಅಂದ್ರೆ ಯಾವ ಅರ್ಧ?”

“ನನಗೆಲ್ಲಿ ನೆನಪಿರತ್ತೆ...”

“ಯಾವ ಅರ್ಧ ಅಂತ ಕೇಳಿದೆ.”

ಆಗ ಮಗಳ ದನಿ ನಡುವೆ ಬಂತು. “ಅಪ್ಪಾ, ಅಮ್ಮ ಮಾಡಿದ್ರೆ ಏನಾಯ್ತೀಗ? ದಿನಾ ಅಡುಗೆ ಮಾಡಲ್ವಾ, ನೀವು ಉಣ್ಣಲ್ವಾ?”

“ಆ ಅಡುಗೇನ ನಾನೇ ಮಾಡ್ದೆ ಅಂತ ಊರ ತುಂಬ ಹೇಳ್ಕೊಂಡು ತಿರುಗಲಿಲ್ಲ ನಾನು!”



ಬ್ಲೇಡು ಎಳೆಯುವುದನ್ನು ಎಲ್ಲಿ ಕಲಿತಿರಿ ಎಂದು ಆಮೇಲೊಮ್ಮೆ ಅಕ್ಕನನ್ನು ಕೇಳಿದೆ. “ಕಲಿಯೋದೇನು? ಇಷ್ಟು ವರ್ಷ ಅವರ ಗೋಡೆ ಉಜ್ಜಿದ್ನಲ್ಲ. ಅವರ ಕೈ ಎಲ್ಲಿ ಒತ್ತತ್ತೆ, ಎಲ್ಲಿ ಬಿಡತ್ತೆ ಅಂತ ನನ್ನ ಕೈಗೆ ಬಾಯಿಪಾಠ ಆಗಿತ್ತು” ಎಂದರು. ಸಂಜೆ ಮೇಸ್ತ್ರಿ ಕೈಕಾಲು ತೊಳೆದು ಚಹಾ ಅಂಗಡಿಯ ಕಡೆ ಹೋದರೆ, ಅಕ್ಕ ಕಸ ಗುಡಿಸುವ ನೆವದಲ್ಲಿ ಹಿಂದೆ ಉಳಿಯುತ್ತಿದ್ದರು. ಮರುದಿನ ಅದನ್ನು ಉಜ್ಜುವವರೂ ಅವರೇ. ಎಡಕ್ಕೆ ಬಾಗಿದ ಬಾಲ ಯಾರ ಕಣ್ಣಿಗೂ ಬೀಳುವ ಮೊದಲೇ ಧೂಳಾಗಿ ಅವರದೇ ತಲೆಯ ಮೇಲೆ ಕೂರುತ್ತಿತ್ತು.

ಮಾರನೆಯ ವಾರ ಮೇಸ್ತ್ರಿ ಮಕ್ಕಳ ಆಸ್ಪತ್ರೆಗೆ ಹೋದರಂತೆ. ಇದನ್ನು ಅವರೇ ನನಗೆ ಹೇಳಿದ್ದು. ಅಳುವ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ನಡುವೆ ಬೆಂಚಿನ ಮೇಲೆ ಕುಳಿತು ಗೋಡೆ ನೋಡಿದರು. ಎದ್ದು ಹತ್ತಿರ ಹೋಗಿ ಕೆನ್ನೆ ಇಟ್ಟರು. ಕಾವಲಿನವನು ಬಂದು, “ಯಾರು ಬೇಕು ನಿಮಗೆ?” ಎಂದು ಕೇಳಿದ. ಏನು ಹೇಳುವುದೆಂದು ತೋಚದೆ ಹೊರಗೆ ಬಂದರು.

“ಬಣ್ಣ ಹೊಡೆದ ಮೇಲೆ ಯಾವುದು ಯಾರದು ಅಂತ ಗೊತ್ತಾಗಲ್ಲ ಕಣಮ್ಮ. ನನ್ನದು ಒಂದಾದ್ರೂ ಇದೆಯಾ ಅಲ್ಲಿ? ಇರಬಹುದು. ಇಲ್ಲದೇನೂ ಇರಬಹುದು.”

ಕೈ ಪಳಗುತ್ತಿದೆ ಎಂದು ಸೂಪರ್‌ವೈಸರು ಹೇಳಿದ್ದು, ಯಾರೋ ಗೋಡೆ ಸವರಿ ತಲೆದೂಗಿದ್ದು, ನಮ್ಮ ಬಾಗಿಲಲ್ಲಿ ನಿಂತು ತಾವೇ ಆಡಿದ ಮಾತು, ಎಲ್ಲವನ್ನೂ ಒಂದೊಂದಾಗಿ ನೆನೆದು ಅವರು ತಮ್ಮ ಲೆಕ್ಕದಿಂದ ತೆಗೆದುಹಾಕುತ್ತಿದ್ದರು.

ಅಷ್ಟರಲ್ಲಿ ಹೊಸ ಕೆಲಸ ಬಂತು. ಒಂದು ಕಚೇರಿ ಕಟ್ಟಡದ ಮೇಲಿನ ಮಹಡಿಯ ಕಾರಿಡಾರು. ಉದ್ದನೆಯ ಗೋಡೆ, ಅದರ ತುದಿಯಲ್ಲಿ ನೆಲದಿಂದ ಚಾವಣಿಯವರೆಗೆ ಒಂದೇ ಕಿಟಕಿ. ಈ ಕಸುಬಿನವರು ಹೆದರುವುದು ಇಂಥ ಗೋಡೆಗೆ. ಕಿಟಕಿಯ ಬೆಳಕು ಗೋಡೆಯನ್ನು ಸವರಿಕೊಂಡೇ ಬರುತ್ತದೆ. ಕೂದಲೆಳೆಯಷ್ಟು ತಪ್ಪಿದ್ದರೂ ತೋರಿಸಿಕೊಡುತ್ತದೆ. ಮೇಸ್ತ್ರಿ ಬೇಕೆಂದೇ ಅದನ್ನು ಒಪ್ಪಿಕೊಂಡರು.

“ಈ ಗೋಡೆ ನಾನೊಬ್ಬನೇ ಮಾಡ್ತೀನಿ. ನೀನು ಅಲ್ಲಿಗೆ ಕಾಲಿಡಬೇಡ” ಎಂದರು ಅಕ್ಕನಿಗೆ.

“ಉಜ್ಜೋಕಾದ್ರೂ...”

“ಉಜ್ಜೋದೂ ನಾನೇ, ಗುಡಿಸೋದೂ ನಾನೇ. ಇದು ನನ್ನ ಗೋಡೆ. ಕೆಟ್ಟರೂ ನನ್ನದು.”

ಅಕ್ಕ ನನ್ನ ಹತ್ತಿರ ಬಂದು ಕುಳಿತರು. “ಚೆನ್ನಾಗಿ ಬರಲಿ ಅಂತ ಕೇಳ್ಕೊಳ್ಳೇ. ಒಂದೇ ಒಂದು ಗೋಡೆ. ಆಮೇಲೆ ಅವರಿಗೆ ಅವರ ಮೇಲೆ ನಂಬಿಕೆ ಬಂದ್ರೆ ಸಾಕು, ಮುಂದಿಂದು ನೋಡ್ಕೋಬಹುದು.” ನಾನು ಕೇಳಿಕೊಂಡೆ. ಆ ದಿನಗಳಲ್ಲಿ ನನ್ನ ಪ್ರಾರ್ಥನೆಯಲ್ಲಿ ಬೇರೇನೂ ಇರಲಿಲ್ಲ.

ಚಳಿ ಶುರುವಾಗಿತ್ತು. ಕಿಟಕಿಗೆ ಗಾಜು ಇನ್ನೂ ಬಂದಿರಲಿಲ್ಲ, ನೀಲಿ ಟಾರ್ಪಾಲು ಕಟ್ಟಿದ್ದರು. ಒಳಗೆಲ್ಲ ಮಂಕು ಬೆಳಕು, ತೇವದ ಗಾಳಿ. ಬೆರಳಿಗೆ ಒತ್ತಡ ತಿಳಿಯದ ಕಾರಣ ಎಲ್ಲಿ ಕಡಿಮೆಯಾಗುವುದೋ ಎಂದು ಹೆದರಿ ಮೇಸ್ತ್ರಿ ಒಂದೊಂದು ಕೈಯನ್ನೂ ದಪ್ಪವಾಗಿಯೇ ಹೊಡೆದರು. ದಪ್ಪವಿದ್ದರೆ ಆಮೇಲೆ ಉಜ್ಜಿ ಇಳಿಸಬಹುದಲ್ಲ. ಆದರೆ ದಪ್ಪ ಪುಟ್ಟಿ ಚಳಿಯಲ್ಲಿ ಬೇಗ ಒಣಗುವುದಿಲ್ಲ. ಒಣಗಿತೋ ಎಂದು ಅಂಗೈ ಇಟ್ಟು ನೋಡಿದರು. ಅಂಗೈಗೆ ತಣುಪೂ ಇಲ್ಲ, ಬಿಸಿಯೂ ಇಲ್ಲ. ಕೆನ್ನೆ ಇಟ್ಟರು. ಆ ಚಳಿಯಲ್ಲಿ ಒಣ ಬೋರ್ಡೂ ತಣ್ಣಗೆ, ಪುಟ್ಟಿಯೂ ತಣ್ಣಗೆ, ಕೆನ್ನೆಯೂ ತಣ್ಣಗೆ. ಯಾವುದು ಯಾವುದರ ತಣುಪೆಂದು ತಿಳಿಯಲಿಲ್ಲ. ಕಣ್ಣಿಗೆ ಬೆಳ್ಳಗೆ ಕಂಡಿತು. ಕಣ್ಣನ್ನು ನಂಬಿ ಮುಂದಿನ ಕೈ ಎಳೆದರು. ಹೀಗೆ ಹಸಿಯ ಮೇಲೆ ಹಸಿ ಕೂತಿತು.

ಉಜ್ಜಿ ಮುಗಿಸಿದ ದಿನ ಗೋಡೆ ಚೆನ್ನಾಗಿಯೇ ಇತ್ತಂತೆ. ಲೈಟು ಹಿಡಿದರೂ ಒಂದು ನೆರಳಿರಲಿಲ್ಲ. ಮನೆಗೆ ಬಂದವರೇ ಸ್ನಾನ ಮಾಡಿ, ತಟ್ಟೆಯ ಮುಂದೆ ಕುಳಿತು, “ಇವತ್ತು ಅನ್ನ ಚೆನ್ನಾಗಿ ಬೆಂದಿದೆ” ಎಂದರು. ವಾರಗಳಿಂದ ಹೆಂಡತಿಯ ಜೊತೆ ಆಡಿದ ಮೊದಲ ಸಮಾಧಾನದ ಮಾತು. ಅಕ್ಕ ಅದನ್ನು ನನಗೆ ಹೇಳಲು ಎಂಜಲುಗೈಯಲ್ಲೇ ಓಡಿ ಬಂದರು.

ಬಣ್ಣದವರು ಬಣ್ಣ ಹೊಡೆದರು. ಗೋಡೆ ಒಳಗೊಳಗೇ ಒಣಗುತ್ತಾ ಹೋಯಿತು. ಪುಟ್ಟಿ ಒಣಗಿದಷ್ಟೂ ಕುಗ್ಗುತ್ತದೆ. ಕಿಟಕಿಗೆ ಗಾಜು ಬಂತು, ಟಾರ್ಪಾಲು ಬಿಚ್ಚಿದರು. ಮರುದಿನ ಬೆಳಿಗ್ಗೆ ಸೂಪರ್‌ವೈಸರಿಂದ ಫೋನು ಬಂತು. ಅಂದು ಅಕ್ಕನೂ ತಡೆಯಲಾರದೆ ಹಿಂದೆಯೇ ಹೋದರು. ಮೇಸ್ತ್ರಿ ಬೇಡವೆನ್ನಲಿಲ್ಲ.

ಕಾರಿಡಾರಿನ ತುದಿಯಿಂದ ಬಿಸಿಲು ಗೋಡೆಯ ಮೇಲೆ ಚಾಪೆಯಂತೆ ಹಾಸಿತ್ತು. ಸಂದು ಇದ್ದಲ್ಲೆಲ್ಲ ಒಂದೊಂದು ತಗ್ಗು, ತಗ್ಗಿಗೊಂದು ನೆರಳು. ಉದ್ದಕ್ಕೂ ಒಂದಾದ ಮೇಲೊಂದು. “ಹಸಿದ ನಾಯಿಯ ಪಕ್ಕೆಲುಬು ಕಾಣಲ್ವಾ, ಹಾಗೆ ಕಾಣ್ತಿತ್ತು ಕಣೇ” ಎಂದರು ಅಕ್ಕ.

ಸೂಪರ್‌ವೈಸರು ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. ಕೂಗಾಡಿದ್ದರೆ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

“ಮೇಸ್ತ್ರಿ, ಇದು ನಿಮ್ಮ ಕೆಲಸಾನಾ?”

“ನಂದೇ. ಪೂರ್ತಿ ನಂದೇ.”

ಸೂಪರ್‌ವೈಸರು ಗೋಡೆಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ ಮೆಲ್ಲಗೆ ಕೇಳಿದರು. “ಯಾಕಕ್ಕಾ, ಈ ಸಲ ನೀವು ಬರಲಿಲ್ವಾ?”

ಅಕ್ಕನ ಕಣ್ಣು ನೆಲಕ್ಕಿಳಿಯಿತು. ಮೇಸ್ತ್ರಿ ತಿರುಗಿ ಏಣಿಯ ಬಳಿ ನಿಂತಿದ್ದ ಸ್ಕ್ರೂವಿನ ಮುಖ ನೋಡಿದರು. ಎಂದೂ ಬಾಯಿ ಮುಚ್ಚದ ಅವನು ಅಂದು ಬೇರೆ ಕಡೆ ನೋಡುತ್ತಿದ್ದ.

“ನಿನಗೂ ಗೊತ್ತಿತ್ತೇನೋ?”

“ಅಣ್ಣ... ಅಕ್ಕ ಹಿಂದೆ ಉಳಿದಾಗ ನಾವೇ ಲೈಟು ಹಿಡೀತಿದ್ವಿ. ಬೇಜಾರು ಮಾಡ್ಕೋಬೇಡಿ ಅಣ್ಣ.”

ಎಲ್ಲರಿಗೂ ಗೊತ್ತಿತ್ತು. ಚಹಾ ಅಂಗಡಿಯಲ್ಲಿ ಅವರನ್ನು ಮಾತಿಗೆ ಕೂರಿಸಿ ತಡ ಮಾಡಿಸುತ್ತಿದ್ದುದೂ ಅದಕ್ಕೇ. ಮುತ್ತಿನ ತಮಾಷೆ ಮಾಡುತ್ತಿದ್ದುದೂ ಅದಕ್ಕೇ, ಕೆನ್ನೆ ಯಾಕೆ ಎಂದು ಯಾರೂ ಕೇಳದಿರಲಿ ಎಂದು. ಮಗುವಿನ ಕೈಗೆ ಲಗಾಮು ಕೊಟ್ಟು ಗಾಡಿ ಹೊಡೆಯುತ್ತಿದ್ದೀಯ ಎಂದು ನಂಬಿಸುವ ಹಾಗೆ ಇಷ್ಟು ಜನ ಸೇರಿ ಅವರನ್ನು ಕಾಪಾಡಿಕೊಂಡು ಬಂದಿದ್ದರು. ಆ ಪ್ರೀತಿಯನ್ನು ಹೊರಲು ಮೇಸ್ತ್ರಿಗೆ ಆಗಲಿಲ್ಲ. ಗೋಡೆ ಕೆಟ್ಟದ್ದನ್ನು ಹೊತ್ತಾರು, ಇದನ್ನಲ್ಲ.

ಗೋಡೆಯನ್ನು ಸರಿಮಾಡಲು ಸೂಪರ್‌ವೈಸರು ಅಕ್ಕನನ್ನೇ ಕೇಳಿದರು, ಈ ಬಾರಿ ಎಲ್ಲರೆದುರು. ಅಕ್ಕ ಗಂಡನ ಮುಖ ನೋಡಿದರು. “ಮಾಡು” ಎಂದರು ಮೇಸ್ತ್ರಿ. ಪುಟ್ಟಿ ಕಲಸಿಕೊಡಲು ತಾವೇ ನಿಂತರು. ಬಕೆಟ್ಟಿಗೆ ನೀರು ಹಾಕಿ ಕಲಸಿ, ಹೊತ್ತು ತಂದು ಏಣಿಯ ಬುಡದಲ್ಲಿಟ್ಟು, ಮೇಲೆ ನೋಡದೆ ಹಿಂದಿರುಗುತ್ತಿದ್ದರು. ಎಲ್ಲರೂ ಅವರ ಜೊತೆ ಬಹಳ ಮೆತ್ತಗೆ ಮಾತಾಡಿದರು. “ಅಣ್ಣ ಕೂತ್ಕೊಳ್ಳಿ, ಅಣ್ಣ ನಾನು ತರ್ತೀನಿ.” ಸ್ಕ್ರೂ ಕೂಡ ತಮಾಷೆ ಬಿಟ್ಟ. ಒಂದು ದಿನ ಮೇಸ್ತ್ರಿಯೇ, “ಏನೋ, ಇವತ್ತು ನಿನ್ನ ಬಾಯಿಗೂ ಪುಟ್ಟಿ ಹಾಕಿದಾರಾ?” ಎಂದು ಕೆಣಕಿ ನೋಡಿದರಂತೆ. ಅವನು ನಕ್ಕನಂತೆ, ಎದುರುತ್ತರ ಕೊಡಲಿಲ್ಲವಂತೆ. ಮರುದಿನದಿಂದ ಮೇಸ್ತ್ರಿ ಕೆಲಸಕ್ಕೆ ಹೋಗಲಿಲ್ಲ.

ಅಕ್ಕ ತಾವೂ ಬಿಡುತ್ತೇನೆಂದರು. “ಬಿಟ್ಟು ಏನ್ ಮಾಡ್ತೀಯ? ಇಬ್ಬರೂ ಕೂತು ಮುಖ ಮುಖ ನೋಡ್ಕೊಳ್ಳೋಣ್ವಾ?” ಎಂದು ಅವರೇ ಗದರಿ ಕಳಿಸಿದರು. ಈಗ ಕೆಲಸಗಳು ಅಕ್ಕನ ಹೆಸರಿಗೇ ಬರುತ್ತವೆ. ಅಕ್ಕ ಈಗ ಯಾರಿಗೂ ಹೆದರದೆ ಹಗಲಲ್ಲೇ ಎಡಗೈಯಲ್ಲಿ ಬ್ಲೇಡು ಹಿಡಿಯುತ್ತಾರೆ. ಚೆನ್ನಾಗಿ ಮಾಡುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಅವರ ಮುಖದಲ್ಲಿ ಮಾತ್ರ ಆ ಮಾತಿಗೆ ಯಾವ ಬೆಳಕೂ ಬರುವುದಿಲ್ಲ. “ಕದ್ದು ಮಾಡುವಾಗ ಅವರ ಕೆಲಸ ಮಾಡ್ತಿದ್ದೆ ಕಣೇ. ಈಗ ಯಾರ ಕೆಲಸ ಮಾಡ್ತಿದೀನೋ” ಎಂದು ಒಮ್ಮೆ ಹೇಳಿ, ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದುಹೋದರು.

ಮೇಸ್ತ್ರಿ ದಿನವೆಲ್ಲ ಮನೆಯಲ್ಲಿರುತ್ತಾರೆ. ಗಡ್ಡ ಬೆಳೆದಿದೆ. ಮಗಳು ಇಟ್ಟುಹೋದ ಮಾತ್ರೆಗಳು ಕೆಲವೊಮ್ಮೆ ಇಟ್ಟಲ್ಲೇ ಇರುತ್ತವೆ. ನಾನು ಬಿಸಿ ಏನಾದರೂ ಕೊಡಲು ಹೋದರೆ ಎರಡು ಮಾತಾಡುತ್ತಾರೆ. ದೇವರ ಮಾತು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಅವರಿಗಾಗಿ ಕೇಳಿಕೊಳ್ಳುವುದನ್ನು ನಾನು ಬಿಟ್ಟಿಲ್ಲ. ಉತ್ತರ ಬಂದಿಲ್ಲ ಎಂದಷ್ಟೇ ಬರೆಯಬಲ್ಲೆ.

ಮೊನ್ನೆ ನಾನು ಹೊರಗೆ ಬಟ್ಟೆ ಹರವುತ್ತಿದ್ದಾಗ ಒಬ್ಬರು ಬಂದು ಅವರ ಬಾಗಿಲು ತಟ್ಟಿದರು. ಹೊಸ ಅಂಗಡಿ ಕಟ್ಟಿಸುತ್ತಿದ್ದಾರಂತೆ.

“ಬೋರ್ಡ್ ಗೋಡೆಗೆ ಪುಟ್ಟಿ ಮಾಡೋ ಮೇಸ್ತ್ರಿ ಮನೆ ಇದೇನಾ? ಬೆಣ್ಣೆ ಥರ ಮಾಡ್ತಾರಂತಲ್ಲ.”

“ಇದೇ” ಎಂದರು ಮೇಸ್ತ್ರಿ. “ಆದ್ರೆ ಈಗ ಇಲ್ಲ. ಕೆಲಸಕ್ಕೆ ಹೋಗಿದಾಳೆ. ಸಂಜೆ ಬನ್ನಿ.”

ಬಂದವರಿಗೆ ಮಾತು ಅರ್ಥವಾಗಲು ತುಸು ಹೊತ್ತು ಹಿಡಿಯಿತು. “ಓ, ಹೆಂಗಸಾ? ಸರಿ ಸರಿ. ನೀವೂ ಅವರ ಜೊತೆ ಕೆಲಸ ಮಾಡ್ತೀರಾ?”

“ಇಲ್ಲ. ನಾನು ಮನೇಲಿರೋನು.”

ಅವರು ಹೋದ ಮೇಲೆ ಮೇಸ್ತ್ರಿ ಬಾಗಿಲು ಹಾಕಿಕೊಂಡರು. ಒಳಗಿನ ಚಿಲಕ ಮೆಲ್ಲಗೆ ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಅದು ಬಿದ್ದಿದೆಯೋ ಇಲ್ಲವೋ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಬಟ್ಟೆ ಹರವಿ ಮುಗಿಸಿದೆ. ಆ ಸದ್ದು ಇನ್ನೂ ನಿಂತಿರಲಿಲ್ಲ.